ಪರಿಚಯದ ಸಂಖ್ಯೆ, ಪರಿಚಯದ ಸಹಿ

ಮಂಗಳೂರಿನ ಕಾಲೇಜುಗಳಲ್ಲಿ ಕೊನೆಯ ವರ್ಷಕ್ಕೆ ಕಾಲಿಟ್ಟವರಿಗೆ ಇವತ್ತು ಒಂದು ಬುದ್ಧಿಮಾತು ತಪ್ಪದೆ ಸಿಗುತ್ತದೆ: ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯಿರಿ, ಆದಷ್ಟು ಬೇಗ 500 ಕನೆಕ್ಷನ್ ದಾಟಿ. ಈ 500 ಬಂದದ್ದು ಆ ಜಾಲತಾಣದ ಒಂದು ಪದ್ಧತಿಯಿಂದ. ಅಲ್ಲಿಯವರೆಗೆ ಪ್ರೊಫೈಲಿನಲ್ಲಿ ನಿಜವಾದ ಸಂಖ್ಯೆ ಕಾಣುತ್ತದೆ, ಅದನ್ನು ದಾಟಿದ ಮೇಲೆ '500+' ಎಂದಷ್ಟೇ ಇರುತ್ತದೆ. ಪರದೆಯ ಮೇಲಿನ ಆ ಗೆರೆ ಉದ್ಯೋಗ ಹುಡುಕುವವರ ಮನಸ್ಸಿನಲ್ಲಿ ಪಾಸು ಅಂಕವಾಗಿ ಕೂತುಬಿಟ್ಟಿದೆ. ಇದರ ಹಿಂದಿರುವ ನಂಬಿಕೆ ಇಷ್ಟು: ಪರಿಚಯ ಕೂಡಿಡಬಹುದಾದ ವಸ್ತು, ಹೆಚ್ಚು ಕೂಡಿಟ್ಟವರಿಗೆ ಕೆಲಸ ಹೆಚ್ಚು ಹತ್ತಿರ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದು 'ಪರಿಚಯ' ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಗತಿಗಳನ್ನು ತುರುಕಿ, ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚುತ್ತದೆ. ಮನೆಯಲ್ಲಿ ಮೊದಲ ಸಲ ಪದವಿ ಪಡೆದು, ಹೇಳಿಕೊಳ್ಳಲು ಯಾರೂ ಇಲ್ಲದೆ ನಿಂತಿರುವ ಹುಡುಗ ಹುಡುಗಿಯರೇ ಈ ಗೊಂದಲಕ್ಕೆ ಹೆಚ್ಚಿನ ಬೆಲೆ ತೆರುತ್ತಾರೆ. ಅದನ್ನು ಬಿಡಿಸಿ ನೋಡಬೇಕೆಂದು ನನಗೆ ಅನ್ನಿಸುವುದು ಅವರಿಗಾಗಿ.

ಮೊದಲು ಆ ನಂಬಿಕೆಯನ್ನು ಅದರ ಬಲವಾದ ರೂಪದಲ್ಲೇ ಮುಂದಿಡೋಣ. ಅದರ ಪರವಾಗಿ ಮೂರು ಮಾತುಗಳಿವೆ.

1. ಕೆಲಸದ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ, ಅದೂ ದೂರದ ಪರಿಚಿತರ ಬಾಯಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ಆಧಾರ. ಬೋಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಅವರು ವಿಚಾರಿಸಿದರು. ವಾರಕ್ಕೆರಡು ಸಲವಾದರೂ ಭೇಟಿಯಾಗುವ ಆಪ್ತರಿಂದ ಕೆಲಸದ ಸುದ್ದಿ ಪಡೆದವರು ಶೇ. 17ರಷ್ಟೂ ಇರಲಿಲ್ಲ. ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಕಾಣುವವರಿಂದ ಪಡೆದವರೇ ಉಳಿದವರೆಲ್ಲ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ದೂರದಿಂದಲೇ ಬರಬೇಕು.

2. ಹುಟ್ಟಿನಿಂದ ಬರುವ ಸಂಪರ್ಕ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಮುಂಬೈಯಲ್ಲಿ ಹೋಟೆಲಿಟ್ಟ ಮಾವ, ದುಬೈಯಲ್ಲಿರುವ ಅಣ್ಣ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ದೊಡ್ಡಪ್ಪ ಕೆಲವರಿಗಿರುತ್ತಾರೆ. ಬೆಳ್ತಂಗಡಿಯಲ್ಲೋ ಸುಳ್ಯದಲ್ಲೋ ಬೀಡಿ ಕಟ್ಟಿ ಓದಿಸಿದ ತಾಯಿಯ ಮಗಳಿಗೆ ಅವರಾರೂ ಇಲ್ಲ. ಇಲ್ಲದವರು ತಮ್ಮ ಕೈಯಾರೆ ಸಂಪರ್ಕ ಕಟ್ಟಿಕೊಳ್ಳಬೇಕು, ಸಾಮಾಜಿಕ ಜಾಲತಾಣ ಅದಕ್ಕೆ ದುಡ್ಡು ಕೇಳುವುದಿಲ್ಲ.

3. ಜಾಲತಾಣದ ಏರ್ಪಾಟೇ ಸಂಪರ್ಕದ ಮೇಲೆ ನಿಂತಿದೆ. ಅದು ಜನರನ್ನು ಮೊದಲ ಸುತ್ತು, ಎರಡನೇ ಸುತ್ತು, ಮೂರನೇ ಸುತ್ತು ಎಂದು ವಿಂಗಡಿಸಿ ತೋರಿಸುತ್ತದೆ. ಮೊದಲ ಸುತ್ತು ಹಿಗ್ಗಿದಷ್ಟೂ ಎರಡನೆಯದು ಹಿಗ್ಗುತ್ತದೆ, ನೇಮಕ ಮಾಡುವವರ ಕಣ್ಣಿಗೆ ಬೀಳುವ ಸಾಧ್ಯತೆಯೂ ಹೆಚ್ಚುತ್ತದೆ.

ಇದನ್ನೆಲ್ಲ ಕೇಳಿದಾಗ ಕರಾವಳಿಯವರಿಗೆ ಪಿಗ್ಮಿಯ ನೆನಪಾಗುವುದು ಸಹಜ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದರು. ಬಡವರ ಕೈಯಲ್ಲೂ ಒಂದು ಇಡಿಗಂಟು ಆಗುತ್ತಿತ್ತು. ದಿನಕ್ಕೆ ನಾಲ್ಕು ರಿಕ್ವೆಸ್ಟ್ ಕಳಿಸುತ್ತ ಹೋದರೆ ಸಂಪರ್ಕವೂ ಹಾಗೆಯೇ ಗಂಟಾಗಬಾರದೇಕೆ? ಎಡವುವುದು ಇಲ್ಲಿಯೇ. ಇವತ್ತಿನ ಎರಡಾಣೆಯೂ ನಾಳೆಯ ಎರಡಾಣೆಯೂ ಒಂದೇ ಬೆಲೆಯ ನಾಣ್ಯ, ಆದ್ದರಿಂದ ಕೂಡಿಸಿದರೆ ಮೊತ್ತ ಸಿಗುತ್ತದೆ. ಎರಡು ವರ್ಷ ನಿಮಗೆ ಪಾಠ ಹೇಳಿ ನಿಮ್ಮ ಪ್ರಾಜೆಕ್ಟು ತಿದ್ದಿದ ಅಧ್ಯಾಪಕರು ಒಂದು ಕನೆಕ್ಷನ್. ನಿಮ್ಮ ಹೆಸರನ್ನೂ ಸರಿಯಾಗಿ ಓದದೆ 'ಅಕ್ಸೆಪ್ಟ್' ಒತ್ತಿದ ಬೇರಾವುದೋ ರಾಜ್ಯದವರೂ ಒಂದು ಕನೆಕ್ಷನ್. ಇವೆರಡನ್ನು ಕೂಡಿಸಿ 'ಎರಡು' ಎನ್ನುವುದು ಹಲಸಿನ ಹಣ್ಣಿಗೂ ಹಲಸಿನ ಬೀಜಕ್ಕೂ ಒಂದೇ ಲೆಕ್ಕ ಹಿಡಿದಂತೆ. ಒಂದೇ ಬಗೆಯ ವಸ್ತುಗಳನ್ನು ಮಾತ್ರ ಕೂಡಿಸಬಹುದು ಎಂಬ ಶಾಲೆಯ ಗಣಿತವನ್ನೇ ಈ ಲೆಕ್ಕ ಮರೆಯುತ್ತದೆ.

ಹಾಗಾದರೆ ಗ್ರಾನೊವೆಟರ್ ಹೇಳಿದ್ದೇನು? ದೂರದ ಪರಿಚಯವನ್ನು ಅವರು 'ದುರ್ಬಲ' ಸಂಬಂಧ ಎಂದು ಕರೆದರು, ಆದರೆ ಅವರ ಮಾತಿನಲ್ಲಿ 'ದುರ್ಬಲ' ಎಂದರೆ ಪೊಳ್ಳು ಎಂದಲ್ಲ. ಅವರು ಕಂಡ ದೂರದ ಪರಿಚಿತರಲ್ಲಿ ಬಹಳಷ್ಟು ಮಂದಿ ಹಳೆಯ ಸಹಪಾಠಿಗಳು, ಹಿಂದೆ ಒಟ್ಟಿಗೆ ದುಡಿದವರು, ಹಿಂದಿನ ಧಣಿಗಳು. ಈಗ ಭೇಟಿ ಅಪರೂಪವಾದರೂ ಒಂದು ಕಾಲದಲ್ಲಿ ಆ ಮನುಷ್ಯನ ಕೆಲಸವನ್ನು ಹತ್ತಿರದಿಂದ ನೋಡಿದ್ದವರು. ಸಂಬಂಧದ ಬಿಗಿ ಸಡಿಲವಾಗಿತ್ತು, ಆದರೆ ಅದರೊಳಗೊಂದು ಅರಿವು ಉಳಿದಿತ್ತು. ಯಾವತ್ತೂ ಯಾವ ಕೆಲಸದಲ್ಲೂ ಜೊತೆಯಾಗದ ಅಪರಿಚಿತ ಈ ಅರ್ಥದ 'ದುರ್ಬಲ' ಸಂಪರ್ಕ ಅಲ್ಲವೇ ಅಲ್ಲ. ಲಿಂಕ್ಡ್‌ಇನ್ ಬಳಸುವ 2 ಕೋಟಿ ಜನರ ಐದು ವರ್ಷಗಳ ಪ್ರಯೋಗದ ಮಾಹಿತಿಯನ್ನು ಪರಿಶೀಲಿಸಿ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಖಚಿತಪಡಿಸುತ್ತದೆ. ಕೆಲಸ ಬದಲಿಸಲು ತೀರ ಗಟ್ಟಿ ಸಂಬಂಧ ಅಷ್ಟು ನೆರವಾಗಲಿಲ್ಲ, ತೀರ ತೆಳು ಸಂಬಂಧವೂ ಅಲ್ಲ. ಹೆಚ್ಚು ನೆರವಾದದ್ದು ನಡುವಿನದು, ಅಂದರೆ ಆಪ್ತರಲ್ಲದಿದ್ದರೂ ಕೆಲವು ಪರಿಚಿತರನ್ನು ಇಬ್ಬರೂ ಹಂಚಿಕೊಂಡವರ ನಡುವಿನ ಸಂಬಂಧ. ಇನ್ನೂ ಒಂದು ಅಂಶ ಅಲ್ಲಿತ್ತು. ಕಂಪ್ಯೂಟರಿನ ಮೇಲೆ ಹೆಚ್ಚು ನಿಂತ ಉದ್ಯಮಗಳಲ್ಲಿ ಸಡಿಲ ಸಂಬಂಧಗಳು ಫಲ ಕೊಟ್ಟರೆ, ಹಾಗಲ್ಲದ ಉದ್ಯಮಗಳಲ್ಲಿ ಗಟ್ಟಿ ಸಂಬಂಧಗಳೇ ಮೇಲಾದವು. ಮಂಗಳೂರಿನಲ್ಲಿ ಇದಕ್ಕೆ ನೇರ ಅರ್ಥವಿದೆ. ಸಾಫ್ಟ್‌ವೇರ್ ಕೆಲಸ ಬಯಸುವವರಿಗೆ ಕೊಡುವ ಸಲಹೆಯನ್ನೇ ಗೋಡಂಬಿ ಕಾರ್ಖಾನೆಯಲ್ಲೋ ಮೀನು ಸಂಸ್ಕರಣೆಯಲ್ಲೋ ಕಟ್ಟಡ ಕಾಮಗಾರಿಯಲ್ಲೋ ದಾರಿ ಹುಡುಕುವವರಿಗೆ ಕಣ್ಣುಮುಚ್ಚಿ ಕೊಡುವಂತಿಲ್ಲ.

ಈಗ ಆ ಒಂದು ಮಾತಿನೊಳಗೆ ಸೇರಿಕೊಂಡಿರುವ ಸಂಗತಿಗಳನ್ನು ಬಿಡಿಸಬಹುದು. ಇದಕ್ಕೆ ನಮ್ಮ ಜಿಲ್ಲೆಯ ಬ್ಯಾಂಕುಗಳೇ ಒಳ್ಳೆಯ ಉದಾಹರಣೆ ಒದಗಿಸುತ್ತವೆ. 1906ರ ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು, 1924ರ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟ್, 1931ರ ವಿಜಯಾ ಬ್ಯಾಂಕು ಇವೆಲ್ಲ ಅವಿಭಜಿತ ದಕ್ಷಿಣ ಕನ್ನಡದ ನೆಲದಲ್ಲಿ ಹುಟ್ಟಿದವು. ಇಂದಿನ ಗುರುತಿನ ಚೀಟಿಯ ನಿಯಮಗಳು ನೆಲೆಗೊಳ್ಳುವ ಮುನ್ನ ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಪರಿಚಯದ ಸಹಿ ಬೇಕಿತ್ತು. ಅರ್ಜಿಯ ಒಂದು ಮೂಲೆಯಲ್ಲಿ ಆಗಲೇ ಖಾತೆ ಇದ್ದ ಒಬ್ಬರು ತಮ್ಮ ಹೆಸರು, ಖಾತೆಯ ಸಂಖ್ಯೆ ಬರೆದು, ಅರ್ಜಿದಾರರನ್ನು ಇಷ್ಟು ವರ್ಷದಿಂದ ಬಲ್ಲೆ ಎಂದು ಸಹಿ ಹಾಕುತ್ತಿದ್ದರು. ಇದರ ಹಿಂದೆ ಕಾನೂನಿನ ಕಾರಣವೂ ಇತ್ತು: ಚೆಕ್ಕು ವಸೂಲಿ ಮಾಡುವ ಬ್ಯಾಂಕು ಕಾನೂನಿನ ರಕ್ಷಣೆ ಬಯಸಿದರೆ ತಾನು ಅಜಾಗರೂಕತೆ ತೋರಿಲ್ಲ ಎಂದು ಸಾಬೀತು ಮಾಡಬೇಕಿತ್ತು. ಪರಿಚಯವಿಲ್ಲದೆ ಖಾತೆ ತೆರೆದುಕೊಟ್ಟದ್ದು ಅಜಾಗರೂಕತೆಯ ಗುರುತು ಎನಿಸುತ್ತಿತ್ತು. ಆ ಸಹಿಗೆ ತೂಕ ಬಂದದ್ದು ಹಾಕಿದವರ ದೊಡ್ಡಸ್ತಿಕೆಯಿಂದಲ್ಲ. ಹೊಸ ಖಾತೆದಾರ ಮೋಸ ಮಾಡಿದರೆ ನಾಳೆ ಮ್ಯಾನೇಜರು ಕೇಳುವುದು ಸಹಿ ಹಾಕಿದವರನ್ನು, ಕೆಡುವುದು ಅವರ ಹೆಸರು. ಆದ್ದರಿಂದ ದಾರಿಹೋಕರಿಗೆಲ್ಲ ಯಾರೂ ಸಹಿ ಹಾಕಿಕೊಡುತ್ತಿರಲಿಲ್ಲ, ಹಾಕಿಕೊಟ್ಟವರ ಸಹಿಗೆ ಬೆಲೆಯೂ ಉಳಿಯುತ್ತಿರಲಿಲ್ಲ.

ಇಲ್ಲಿ ಮೂರು ಸಂಗತಿಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಗುರುತು: ನೀವು ಯಾರೆಂದು ಒಬ್ಬರಿಗೆ ಗೊತ್ತಿರುವುದು. ಎರಡನೆಯದು ಸಾಕ್ಷ್ಯ: ನೀವು ಏನು ಮಾಡಿದ್ದೀರಿ, ಹೇಗೆ ಮಾಡಿದ್ದೀರಿ ಎಂದು ತಮ್ಮ ಹೆಸರನ್ನು ಪಣಕ್ಕಿಟ್ಟು ಒಬ್ಬರು ಹೇಳಬಲ್ಲವರಾಗಿರುವುದು. ಮೂರನೆಯದು ವಶೀಲಿ: ನಿಮ್ಮ ಅರ್ಹತೆಯ ಮಾತನ್ನು ಬದಿಗಿಟ್ಟು ಒಬ್ಬರು ತಮ್ಮ ಅಧಿಕಾರದಿಂದ ಕೆಲಸ ಮಾಡಿಸಿಕೊಡುವುದು. ಕನೆಕ್ಷನ್‌ಗಳ ಸಂಖ್ಯೆ ಅಳೆಯುವುದು ಹೆಚ್ಚೆಂದರೆ ಗುರುತನ್ನು. ಕೆಲಸ ಕೊಡುವವರಿಗೆ ಬೇಕಿರುವುದು ಸಾಕ್ಷ್ಯ. ಗುರುತು ಬೆಳೆಯುತ್ತ ಹೋದರೆ ತಾನೇ ಸಾಕ್ಷ್ಯವಾಗುತ್ತದೆ ಎಂದುಕೊಳ್ಳುವುದೇ ಇಡೀ ಗೊಂದಲದ ಬೇರು. ಗ್ರಾನೊವೆಟರ್ ಪ್ರಬಂಧ ಬಂದ ಅದೇ 1973ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಉದ್ಯೋಗ ಮಾರುಕಟ್ಟೆಯ ಸಂಕೇತಗಳ ಬಗ್ಗೆ ಬರೆದರು. 2001ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ತಂದದ್ದು ಆ ವಿಚಾರ. ಅದರ ತಿರುಳು ಹೀಗೆ: ಒಂದು ಸಂಕೇತವನ್ನು ತೋರಿಸಲು ಅರ್ಹರಿಗೂ ಅನರ್ಹರಿಗೂ ಸಮನಾದ ಶ್ರಮ ಸಾಕಾದರೆ ಅದರಿಂದ ಅವರಿಬ್ಬರನ್ನು ಬೇರ್ಪಡಿಸಲು ಆಗುವುದಿಲ್ಲ. 'ಅಕ್ಸೆಪ್ಟ್' ಒತ್ತಲು ಒಂದು ಕ್ಷಣ ಸಾಕು. ನೀನು ನನ್ನ ಕೌಶಲ ಒಪ್ಪು, ನಾನು ನಿನ್ನದನ್ನು ಒಪ್ಪುತ್ತೇನೆ ಎಂಬ ಎಂಡಾರ್ಸ್‌ಮೆಂಟ್ ಕೊಡುಕೊಳ್ಳುವಿಕೆಗೂ ಅಷ್ಟೇ. ಎಲ್ಲರೂ ಎಲ್ಲರಿಗೂ ಪರಿಚಯದ ಸಹಿ ಹಾಕುವ ಊರಿನಲ್ಲಿ ಆ ಸಹಿ ಬರಿಯ ಶಾಯಿ.

ಇದಕ್ಕೆ ಬರುವ ಮೊದಲ ಆಕ್ಷೇಪ ನೈತಿಕವಾದದ್ದು. ಸಾಕ್ಷ್ಯ ಎಂದು ಚೆಂದದ ಹೆಸರಿಟ್ಟರೂ ಅದು ವಶೀಲಿಯೇ ಅಲ್ಲವೇ, ಗೊತ್ತಿರುವವರಿಗೆ ಬಾಗಿಲು ತೆರೆಯುವ ಪದ್ಧತಿಯೇ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಅವರ ಕಳವಳ ನ್ಯಾಯವಾದದ್ದು, ಆದರೆ ಎರಡರ ನಡುವಿನ ವ್ಯತ್ಯಾಸವನ್ನು ಪರೀಕ್ಷಿಸಿ ತಿಳಿಯಬಹುದು. ಹೇಳಿದ ಮಾತು ನಿಜವೋ ಸುಳ್ಳೋ ಎಂದು ಕೇಳಿಸಿಕೊಂಡವರು ಪರಿಶೀಲಿಸಬಹುದಾದರೆ, ಪರಿಶೀಲಿಸಿ ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಉಳಿದಿದ್ದರೆ, ಅದು ಸಾಕ್ಷ್ಯ. ಬೇಡವೆಂದರೆ ತೊಂದರೆಯಾದೀತೆಂಬ ಅಂಜಿಕೆಯೋ ಋಣದ ಭಾರವೋ ನಿರ್ಧಾರ ಮಾಡಿಸಿದರೆ ಅದು ವಶೀಲಿ. ಲೋಕಸೇವಾ ಆಯೋಗದ ನೇಮಕ, ಐಬಿಪಿಎಸ್ ಮೂಲಕ ನಡೆಯುವ ಬ್ಯಾಂಕು ಪರೀಕ್ಷೆ ಇಂಥ ಕಡೆ ಪರಿಚಯಕ್ಕೆ ಜಾಗವೇ ಇರಬಾರದು. ಅವಕ್ಕೆ ಸಿದ್ಧರಾಗುತ್ತಿರುವವರು ಕನೆಕ್ಷನ್ ಲೆಕ್ಕ ಬಿಟ್ಟು ಓದಿನಲ್ಲಿ ಕೂರುವುದೇ ಮೇಲು. ಖಾಸಗಿ ಉದ್ಯೋಗದ ಮಾತು ಬೇರೆ. ಅಲ್ಲಿ ಒಂದು ಹುದ್ದೆಗೆ ನೂರಾರು ರೆಸ್ಯೂಮೆಗಳು ಬರುತ್ತವೆ, ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತವೆ, ಓದುವವರು ಮನುಷ್ಯರು. ಇವರ ಕೆಲಸವನ್ನು ನಾನು ನೋಡಿದ್ದೇನೆ ಎಂಬ ಒಂದು ಮಾತು ಅಲ್ಲಿ ತಿಳಿವಳಿಕೆಯನ್ನು ಹೆಚ್ಚಿಸುತ್ತದೆ, ನ್ಯಾಯವನ್ನು ಕುಗ್ಗಿಸಬೇಕೆಂದೇನೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸಾಕ್ಷ್ಯ ಹೇಳುವವರೂ ಉಳ್ಳವರಿಗೇ ಸಿಗುತ್ತಾರಲ್ಲ? ಕರಾವಳಿಯ ಇತಿಹಾಸ ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವುದಿಲ್ಲ. ಕಳೆದ ಶತಮಾನದಲ್ಲಿ ಇಲ್ಲಿಂದ ಮುಂಬೈಗೆ ಹೋದ ಹುಡುಗರು ಊರವರ ಹೋಟೆಲಿನಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಅವರನ್ನು ಕೆಲಸಕ್ಕಿಟ್ಟುಕೊಂಡವರಿಗೆ ಅವರ ಮನೆ, ಮನೆಯವರ ನಡತೆ ಎಲ್ಲ ಗೊತ್ತಿತ್ತು. ಹುಡುಗ ತಪ್ಪಿ ನಡೆದರೆ ಸುದ್ದಿ ಊರಿಗೆ ತಲುಪುತ್ತಿತ್ತು. ಆ ಜಾಲದ ಬಲವಿದ್ದದ್ದು ಈ ಹೊಣೆಗಾರಿಕೆಯಲ್ಲಿ. ಅದರ ಅನ್ಯಾಯವೂ ಅಲ್ಲೇ ಇತ್ತು, ಏಕೆಂದರೆ ಜಾತಿ, ಕುಟುಂಬ, ಊರು ಎಂಬ ಬೇಲಿಯೊಳಗಿನವರಿಗೆ ಮಾತ್ರ ಅದು ಸಿಗುತ್ತಿತ್ತು. ಸಾಮಾಜಿಕ ಜಾಲತಾಣ ಬೇಲಿ ತೆಗೆದದ್ದು ನಿಜವಾದ ಲಾಭ, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಸುಳ್ಯದ ಹುಡುಗಿ ಇಂದು ಮಣಿಪಾಲದ, ಬೆಂಗಳೂರಿನ, ಬರ್ಲಿನ್ನಿನ ಪರಿಣತರಿಗೆ ಯಾರ ಮಧ್ಯಸ್ಥಿಕೆಯೂ ಇಲ್ಲದೆ ಬರೆಯಬಲ್ಲಳು. ಆದರೆ ಬೇಲಿಯೊಡನೆ ಹೊಣೆಯೂ ಹೋಯಿತು. ಸಂಖ್ಯೆಯ ಹಿಂದೆ ಹೋಗುವವರು ಬೇಲಿ ಹೋದದ್ದನ್ನು ಮಾತ್ರ ಕಾಣುತ್ತಾರೆ. ಹೊಸಬರ ಮುಂದಿರುವ ನಿಜವಾದ ಕೆಲಸ, ಬೇಲಿಯಿಲ್ಲದ ಈ ಬಯಲಿನಲ್ಲಿ ಹೊಣೆಯನ್ನು ಮತ್ತೆ ಕಟ್ಟುವುದು. ಅವರ ಬಗ್ಗೆ ಹೇಳಬಲ್ಲವರು ಹುಟ್ಟಿನಿಂದ ಸಿಕ್ಕಿಲ್ಲವಾದ್ದರಿಂದ ಕೆಲಸದ ಮೂಲಕವೇ ಸಿಗಬೇಕು.

ಮೂರನೆಯ ಆಕ್ಷೇಪ ಇಲ್ಲಿಂದಲೇ ಏಳುತ್ತದೆ: ಕೆಲಸವೇ ಸಿಗದವರು ತೋರಿಸುವುದೇನನ್ನು? ಒಬ್ಬ ಲೆಕ್ಕಪರಿಶೋಧಕಿಗೆ ಬಂದ ಎರಡು ಸಂದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು: "ನಮಸ್ತೆ ಮೇಡಂ, ನಾನು ಈ ವರ್ಷ ಬಿ.ಕಾಂ. ಮುಗಿಸುತ್ತಿದ್ದೇನೆ. ನಿಮ್ಮ ಆಫೀಸಿನಲ್ಲಿ ಏನಾದರೂ ಕೆಲಸ ಇದ್ದರೆ ದಯವಿಟ್ಟು ತಿಳಿಸಿ." ಎರಡನೆಯದು: "ನಮಸ್ತೆ ಮೇಡಂ, ನೀವು ಓದಿದ ಕಾಲೇಜಿನಲ್ಲೇ ನಾನೀಗ ಕೊನೆಯ ವರ್ಷದ ಬಿ.ಕಾಂ. ನಮ್ಮ ಮನೆ ಹತ್ತಿರದ ದಿನಸಿ ಅಂಗಡಿಯವರ ಒಪ್ಪಿಗೆ ಪಡೆದು ಮೂರು ತಿಂಗಳ ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿದೆ. 11 ಬಿಲ್ಲುಗಳು ಹೊಂದಲಿಲ್ಲ. 7 ಬಿಲ್ಲುಗಳದ್ದು ಮಾರಿದವರು ರಿಟರ್ನ್ ತಡವಾಗಿ ಹಾಕಿದ್ದರಿಂದ ಎಂದು ಗೊತ್ತಾಯಿತು. ಉಳಿದ 4ಕ್ಕೆ ಕಾರಣ ಸಿಗಲಿಲ್ಲ. ಇಂಥ ಸಂದರ್ಭದಲ್ಲಿ ನೀವು ಮೊದಲು ಎಲ್ಲಿ ನೋಡುತ್ತೀರಿ?" ಇಬ್ಬರೂ ಹೊಸಬರು, ಇಬ್ಬರ ಬಳಿಯೂ ಅನುಭವದ ಪ್ರಮಾಣಪತ್ರವಿಲ್ಲ. ಮೊದಲನೆಯ ಸಂದೇಶ ಓದಿದವರಿಗೆ ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ, ಜೊತೆಗೆ ಅದು ಅವರ ಮೇಲೊಂದು ಭಾರ ಹೊರಿಸುತ್ತದೆ. ಎರಡನೆಯದನ್ನು ಓದಿದ ಲೆಕ್ಕಪರಿಶೋಧಕಿಗೆ ನಾಲ್ಕು ವಿಷಯ ತಿಳಿದವು: ಈ ಹುಡುಗನಿಗೆ ತಾಳ್ಮೆ ಇದೆ, ಲೆಕ್ಕ ಬರುತ್ತದೆ, ಗೊತ್ತಿಲ್ಲದ್ದನ್ನು ಮುಚ್ಚಿಡುವುದಿಲ್ಲ, ಬೇರೆಯವರ ಲೆಕ್ಕಪತ್ರ ಮುಟ್ಟುವ ಮುನ್ನ ಒಪ್ಪಿಗೆ ಕೇಳುತ್ತಾನೆ. ಎರಡು ಸಾಲಿನ ಉತ್ತರ ಬರೆಯಲು ಅವರಿಗೆ ಹೆಚ್ಚು ಹೊತ್ತು ಬೇಡ. ಹುಡುಗ ಆ ಉತ್ತರದಂತೆ ಹುಡುಕಿ, ಕಂಡದ್ದನ್ನು ಮತ್ತೆ ಬರೆದು ತಿಳಿಸಿದರೆ, ಆ ಲೆಕ್ಕಪರಿಶೋಧಕಿ ಅವನ ಬಗ್ಗೆ ಒಂದು ನಿಜವಾದ ಮಾತು ಹೇಳಬಲ್ಲವರಾದರು. ಅದಕ್ಕಿಂತ ಮೊದಲೇ ಆ ದಿನಸಿ ಅಂಗಡಿಯವರೂ ಆಗಿದ್ದಾರೆ. ದೊಡ್ಡವರು ಮಾತ್ರ ಸಾಕ್ಷ್ಯ ಹೇಳಬೇಕೆಂದಿಲ್ಲ, ಕೆಲಸವನ್ನು ನೋಡಿದವರು ಹೇಳಿದರೆ ಸಾಕು.

ನಾಲ್ಕನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಸಂಕೋಚ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಬಾರದು ಎಂದು ಕಲಿತು ಬೆಳೆದ ಮಕ್ಕಳಿಗೆ ತಾವು ಮಾಡಿದ್ದನ್ನು ನಾಲ್ಕು ಜನರ ಮುಂದಿಡುವುದೇ ಅಸಭ್ಯ ಅನ್ನಿಸುತ್ತದೆ. ಸಂಕೋಚ ಮುರಿಯಲು ಅವರು ಬೇರೆಯವರ ಆರ್ಭಟದ ಪೋಸ್ಟುಗಳನ್ನು ಅನುಕರಿಸುತ್ತಾರೆ, ಆಗ ಸಂಕೋಚದ ಜೊತೆ ಪ್ರಾಮಾಣಿಕತೆಯೂ ಹೋಗುತ್ತದೆ. ಈ ಸಂಕೋಚಕ್ಕೆ ಉತ್ತರ ನಮ್ಮ ಊರಿನ ಹಂಚಿನಲ್ಲೇ ಇದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಂಥ ಕಾರ್ಖಾನೆಗಳ ಹಳೆಯ ಹಂಚನ್ನು ಮಾಡಿನಿಂದ ಇಳಿಸಿ ಮಗುಚಿದರೆ ಅಡಿಮೈಯಲ್ಲಿ ಕಾರ್ಖಾನೆಯ ಹೆಸರು, ಊರು ಅಚ್ಚೊತ್ತಿರುತ್ತದೆ. ಮನೆಯೊಳಗೆ ನಿಂತು ತಲೆಯೆತ್ತಿದರೆ ಕಾಣುವ ಜಾಗ ಅದು. ಆಟಿಯ ಮಳೆಯಲ್ಲಿ ಹಂಚು ಸೋರಿದರೆ ಅದು ಯಾರದೆಂದು ಮನೆಯವರಿಗೆ ಕೂಡಲೇ ಗೊತ್ತಾಗುತ್ತದೆ. ಅದನ್ನು ಯಾರೂ ಆತ್ಮಪ್ರಶಂಸೆ ಎನ್ನಲಿಲ್ಲ, ಇದು ನಮ್ಮ ಕೆಲಸ, ಇದರ ಹೊಣೆ ನಮ್ಮದು ಎಂಬ ಒಪ್ಪಿಗೆ ಅದು. "ನಾನು ಉತ್ಸಾಹಿ, ಪರಿಶ್ರಮಿ, ನಾಯಕತ್ವದ ಗುಣವುಳ್ಳವಳು" ಎಂದು ಬರೆದುಕೊಳ್ಳುವುದು ಬೆನ್ನು ತಟ್ಟಿಕೊಳ್ಳುವುದು. ಮಾಡಿದ್ದನ್ನು ಇಟ್ಟು, ಕೆಳಗೆ ಹೆಸರು ಹಾಕಿ, ತಪ್ಪಿದ್ದರೆ ತಿಳಿಸಿ ಎನ್ನುವುದು ಹಂಚಿನ ಮೇಲೆ ಅಚ್ಚು ಒತ್ತುವುದು. ಎರಡನೆಯದಕ್ಕೆ ನಾಚಬೇಕಾಗಿಲ್ಲ.

ಆ ನಂಬಿಕೆಯ ಪರವಾಗಿ ಮೊದಲು ಮುಂದಿಟ್ಟ ಮಾತುಗಳಲ್ಲಿ ಜಾಲತಾಣದ ಏರ್ಪಾಟಿನ ಬಗೆಗಿನ ಮೂರನೆಯದು ಇನ್ನೂ ಉಳಿದಿದೆ. ಅದನ್ನು ಅರ್ಧ ಒಪ್ಪಬೇಕು. ಹತ್ತೇ ಕನೆಕ್ಷನ್ ಇರುವ ಪ್ರೊಫೈಲು ಯಾರ ಕಣ್ಣಿಗೂ ಬೀಳಲಾರದು. ಸಹಪಾಠಿಗಳು, ಹಿರಿಯ ವಿದ್ಯಾರ್ಥಿಗಳು, ಅಧ್ಯಾಪಕರು, ಇಂಟರ್ನ್‌ಶಿಪ್ ಮಾಡಿದ ಜಾಗದವರು ಇವರನ್ನೆಲ್ಲ ಸೇರಿಸಿಕೊಳ್ಳಲೇಬೇಕು. ಅಷ್ಟಕ್ಕೇ ನೂರು ನೂರೈವತ್ತು ಹೆಸರುಗಳಾಗುತ್ತವೆ, ಅವೆಲ್ಲವೂ ಕೆಲಸದ ನಂಟಿರುವ ಹೆಸರುಗಳು. ಅದರಾಚೆಗೆ ಸಂಖ್ಯೆಗಾಗಿ ಸಂಖ್ಯೆ ಬೆಳೆಸಿದಾಗ ಲಾಭ ಇಳಿಯುತ್ತದೆ, ಅಪಾಯ ಏರುತ್ತದೆ. ಯಾರ ರಿಕ್ವೆಸ್ಟ್ ಬಂದರೂ ಒಪ್ಪುವ ಅಭ್ಯಾಸ ಬೆಳೆದವರ ಬಾಗಿಲಿಗೆ ಗಲ್ಫ್‌ನ ಸುಳ್ಳು ನೇಮಕದವರೂ ಅದೇ ದಾರಿಯಲ್ಲಿ ಬರುತ್ತಾರೆ. 500 ಜನ ಮೆಚ್ಚಿದ ಪ್ರೊಫೈಲು ತಾನೇ ಎಂಬ ಧೈರ್ಯದಲ್ಲಿ 'ನೋಂದಣಿ ಶುಲ್ಕ' ಕಟ್ಟುವವರು ಗುರುತನ್ನು ಸಾಕ್ಷ್ಯವೆಂದು ತಿಳಿದು ಮೋಸಹೋದವರೇ. ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರ ಹೆಸರಿದೆಯೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈ ವಾದ ಸರಿಯಾದರೆ ಹೊಸಬರ ನಡೆ ಹೀಗಿರಬೇಕು:

1. ರಿಕ್ವೆಸ್ಟ್ ಕಳಿಸುವ ಮುನ್ನ ಆ ವ್ಯಕ್ತಿಗೂ ತನಗೂ ಇರುವ ಕೆಲಸದ ನಂಟನ್ನು ಒಂದು ವಾಕ್ಯದಲ್ಲಿ ಬರೆಯುವುದು. ಬರೆಯಲು ಬಾರದಿದ್ದರೆ ಕಳಿಸದಿರುವುದು.

2. ಕೆಲಸ ಕೇಳುವ ಮುನ್ನ ಕೆಲಸದ ಬಗ್ಗೆ ಕೇಳುವುದು. ಸಿಕ್ಕ ಉತ್ತರವನ್ನು ಬಳಸಿ, ಏನಾಯಿತೆಂದು ಮರಳಿ ತಿಳಿಸುವುದು.

3. ತಿಂಗಳಿಗೊಂದಾದರೂ ಮುಗಿಸಿದ ಚಿಕ್ಕ ಕೆಲಸವನ್ನು ಹೆಸರು ಹಾಕಿ ಎಲ್ಲರೂ ನೋಡುವಂತೆ ಇಡುವುದು.

4. ಎಂಡಾರ್ಸ್‌ಮೆಂಟ್ ಕೊಡುಕೊಳ್ಳುವಿಕೆಯಿಂದ ದೂರವಿದ್ದು, ಜೊತೆಗೆ ಕೆಲಸ ಮಾಡಿದ ಒಬ್ಬರಿಂದ ಕಂಡದ್ದನ್ನಷ್ಟೇ ಹೇಳುವ ನಾಲ್ಕು ಸಾಲು ಬರೆಸಿಕೊಳ್ಳುವುದು.

ಅಳತೆ ಬೇಡವೆಂದು ನಾನು ಹೇಳುತ್ತಿಲ್ಲ, ತಪ್ಪು ಅಳತೆ ಬೇಡ ಎನ್ನುತ್ತಿದ್ದೇನೆ. 500ರ ಬದಲು ಕೇಳಿಕೊಳ್ಳಬೇಕಾದದ್ದು: ನನ್ನ ಬಗ್ಗೆ, ನನ್ನ ಕೆಲಸ ನೋಡಿ, ಎರಡು ನಿಜವಾದ ವಾಕ್ಯ ಹೇಳಬಲ್ಲವರು ಎಷ್ಟು ಮಂದಿ? ಹೊಸಬರಿಗೆ ಆ ಸಂಖ್ಯೆ ಮೂರೋ ನಾಲ್ಕೋ ಇರಬಹುದು. ಅದು ಅವಮಾನದ ಅಂಕಿ ಅಲ್ಲ. ಅದು ಬೆಳೆಯುವುದು ನಿಧಾನವಾದರೆ ಕುಗ್ಗಬೇಕಾಗಿಲ್ಲ, ಏಕೆಂದರೆ ಇದೇ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು: ನಾನು ಎಷ್ಟು ಮಂದಿಯ ಬಗ್ಗೆ ಅಂಥ ಎರಡು ವಾಕ್ಯ ಹೇಳಬಲ್ಲೆ? ಬೆಂಚಿನಲ್ಲಿ ಪಕ್ಕ ಕೂರುವ ಗೆಳತಿ ಬರೆದ ಕೋಡನ್ನು ನಾನು ಕೂತು ಓದಿದ್ದೇನೆಯೇ, ಅವಳ ಲೆಕ್ಕದ ತಪ್ಪನ್ನು ಅವಳಿಗೆ ನೇರವಾಗಿ ಹೇಳಿದ್ದೇನೆಯೇ? ಬೇರೆಯವರ ಮನ್ನಣೆಗೆ ಕಾಯಬೇಕಾದ ವಯಸ್ಸಿನಲ್ಲೂ ಈ ಕೆಲಸಕ್ಕೆ ಯಾರ ಅನುಮತಿಯೂ ಬೇಡ. ಬ್ಯಾಂಕಿನ ಅರ್ಜಿಯಲ್ಲಿ ಸಹಿ ಹಾಕುತ್ತಿದ್ದವರೂ ಒಂದು ಕಾಲಕ್ಕೆ ಇನ್ನೊಬ್ಬರ ಸಹಿಯಿಂದ ಒಳಗೆ ಬಂದವರೇ. ಮಂಗಳೂರಿನ ಮಕ್ಕಳು ಒಬ್ಬರ ಕೆಲಸವನ್ನೊಬ್ಬರು ನೋಡಿ, ಕಂಡದ್ದನ್ನು ಕಂಡಂತೆ ಹೇಳುವುದನ್ನು ಇವತ್ತೇ ರೂಢಿಸಿಕೊಂಡರೆ, ಹೇಳಿಕೊಳ್ಳಲು ಯಾರೂ ಇಲ್ಲದೆ ನಾಳೆ ಬಂದು ನಿಲ್ಲುವವರಿಗೆ ಸಹಿ ಹಾಕುವ ಕೈಗಳು ಸಿದ್ಧವಾಗಿರುತ್ತವೆ.